ಬೆಂಕಿಕಡ್ಡಿಯ ಪಾಠ

ಹೈಸ್ಕೂಲು ಟೀಚರ್ ಕೆಲಸ ಬಿಟ್ಟು ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿ ಸೇರಿದ್ದೆ. ಕಾರ್ಖಾನೆಗಳ ಕೆಲಸಗಾರರು ಕಂಪ್ಯೂಟರಿನಲ್ಲಿ ನೋಡಿ ಕಲಿಯುವ ಪಾಠಗಳನ್ನು ಬರೆಯುವುದು ನನ್ನ ಕೆಲಸ. "ಟೀಚರೂ ಅಲ್ಲ, ಇಂಜಿನಿಯರೂ ಅಲ್ಲ, ಎಂಥದ್ದೇ ಇದು?" ಎಂದು ಸಿಂಗಸಂದ್ರದ ಮನೆಯಲ್ಲಿ ಅಮ್ಮ ದಿನಾ ರಾಗ ಎಳೆಯುತ್ತಿದ್ದಳು. ಪೀಣ್ಯದ ಕಾರ್ಖಾನೆಯೊಂದಕ್ಕೆ ಬರೆಯುವ ಪಾಠ ಒಪ್ಪಿಗೆಯಾದರೆ ಕೆಲಸ ಕಾಯಂ, ಇಲ್ಲವಾದರೆ ಮನೆಗೆ ಎಂದು ನಮ್ಮ ಟೀಮ್ ಲೀಡ್ ಮುಖಕ್ಕೇ ಹೇಳಿದ್ದರು.

ತಗಡು ಒತ್ತುವ ಪ್ರೆಸ್ ಮಷೀನಿನ ಸುರಕ್ಷತೆ ನನ್ನ ವಿಷಯ. ಅದಕ್ಕೆ ಎರಡು ಗುಂಡಿ. ಎರಡು ಕೈಯಲ್ಲೂ ಒಟ್ಟಿಗೆ ಒತ್ತಿದರೆ ಮಾತ್ರ ಪ್ರೆಸ್ ಇಳಿಯುತ್ತದೆ, ಕೈ ಸಿಕ್ಕಿಕೊಳ್ಳುವುದಿಲ್ಲ. ಚಿತ್ರ, ಪ್ರಶ್ನೆ ಎಲ್ಲ ಹಾಕಿ ಬರೆದೆ. ಕಾರ್ಖಾನೆಯಲ್ಲಿ ಅದನ್ನು ಓದಿಸಿ ಮಾಡಿದ ಪರೀಕ್ಷೆಯಲ್ಲಿ ಆಪರೇಟರುಗಳೆಲ್ಲರಿಗೂ ಪೂರ್ತಿ ಅಂಕ! ಉಬ್ಬಿಹೋದೆ. ಊಟವಾದ ಮೇಲೆ ಮಷೀನುಗಳಿರುವ ಶಾಪಿಗೆ ಹೋಗಿ ನೋಡುತ್ತೇನೆ, ಅಯ್ಯೋ ಶಿವನೇ, ಅವರೇ ಒಂದು ಗುಂಡಿಯ ಸಂದಿಗೆ ಬೆಂಕಿಕಡ್ಡಿ ಸಿಕ್ಕಿಸಿ ಅದನ್ನು ಒತ್ತಿದ ಹಾಗೇ ನಿಲ್ಲಿಸಿ, ಬಿಡುವಾದ ಕೈಯಲ್ಲಿ ತಗಡು ತಳ್ಳುತ್ತಿದ್ದಾರೆ.

ನೆಲಮಂಗಲದ ಕಡೆಯ ಹಿರಿಯ ಆಪರೇಟರಮ್ಮ ನಕ್ಕರು. "ಇಂಗ್ ಮಾಡದಿದ್ರೆ ಟಾರ್ಗೆಟ್ ಆಗಕಿಲ್ಲ ಮೇಡಂ. ನೀವ್ ಬಂದು ಮುಗಿಸ್ಕೊಡ್ತೀರಾ?"

ಮೈಯೆಲ್ಲ ಉರಿಯಿತು. ಅವರ ಮೇಲಲ್ಲ, ನನ್ನ ಮೇಲೆಯೇ. ಅವರಿಗೆ ಗೊತ್ತಿದ್ದದ್ದನ್ನೇ ಹೇಳಿಕೊಟ್ಟು ಬೀಗಿದ್ದೆನಲ್ಲ! ಆಪರೇಟರಮ್ಮನ ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಎರಡು ದಿನ ಕೂತೆ. ನೆಲದ ಮೇಲಿದ್ದ ತಗಡಿನ ಟ್ರೇಯನ್ನು ಸೊಂಟದ ಮಟ್ಟಕ್ಕೆ ಎತ್ತಿಟ್ಟರೆ ಬಗ್ಗಿ ಏಳುವ ಹೊತ್ತು ಉಳಿದು ಕಡ್ಡಿಯಿಲ್ಲದೆಯೂ ಟಾರ್ಗೆಟ್ ಮುಟ್ಟಬಹುದೆಂದು ಮಾಡಿ ತೋರಿಸಿದವರೂ ಅವರೇ. ಹಳೆಯ ಪಾಠ ಬಿಸಾಕಿ ಹೊಸದು ಬರೆದೆ. ಮೊದಲ ಚಿತ್ರ ಬೆಂಕಿಕಡ್ಡಿಯದು, ಎರಡನೆಯದು ಟ್ರೇಯದು.

ಕಾರ್ಖಾನೆಯ ಮ್ಯಾನೇಜರ್ ಕೆಂಡವಾದರು. "ಇದನ್ನ ತೋರಿಸಿದ್ರೆ ನಮ್ ಮಾನ ಏನಾಗ್ಬೇಕು? ತೆಗೀರಿ!"

"ಮೊದ್ಲು ಮಷೀನಿಂದ ತೆಗೆಸಿ ಸಾರ್. ಆಮೇಲೆ ಪಾಠದಿಂದ ತೆಗೀತೀನಿ," ಎಂದುಬಿಟ್ಟೆ. ನನ್ನ ಬಾಯಿ ಯಾವತ್ತೂ ಹಾಗೇ. ಕೆಲಸ ಹೋಯಿತೆಂದೇ ಅಂದುಕೊಂಡೆ. ಅವರು ದಡದಡನೆ ಶಾಪಿಗೆ ನಡೆದರು. ಮೂರು ಕಡ್ಡಿ ಕೈಯಲ್ಲಿ ಹಿಡಿದು ವಾಪಸು ಬಂದು, ಪಾಠದ ಒಪ್ಪಿಗೆಗೆ ಸಹಿ ಹಾಕಿದರು.

ಕಾಯಂ ಆದೆ. ಕೆಲವು ತಿಂಗಳ ನಂತರ ಮತ್ತೆ ಪೀಣ್ಯಕ್ಕೆ ಹೋದಾಗ ಮೊದಲು ಮಾಡಿದ ಕೆಲಸವೆಂದರೆ ಪ್ರತಿ ಗುಂಡಿಯ ಸಂದಿಗೂ ಉಗುರು ಹಾಕಿ ನೋಡಿದ್ದು. ಒಂದರಲ್ಲೂ ಕಡ್ಡಿಯಿರಲಿಲ್ಲ. ಆಪರೇಟರಮ್ಮ ಹೊಸದಾಗಿ ಸೇರಿದವರನ್ನು ಕಂಪ್ಯೂಟರಿನ ಮುಂದೆ ಕೂರಿಸಿಕೊಂಡು, "ಈ ಪಾಠ ನಂದು ಕಣ್ರಮ್ಮ. ಈ ಮೇಡಂ ಬರ್ಕೊಂಡ್ರು ಅಷ್ಟೇಯ," ಎನ್ನುತ್ತಿದ್ದರು. ಸುಳ್ಳೇನಲ್ಲವಲ್ಲ! ಅಷ್ಟು ಹೆಮ್ಮೆ ನನಗೆ ಆಮೇಲೆ ಯಾವ ಬಡ್ತಿಯಲ್ಲೂ ಆಗಲಿಲ್ಲ.

ಅವತ್ತು ಮನೆಗೆ ಹೋದವಳು ಚಪ್ಪಲಿ ಬಿಡುವ ಮೊದಲೇ ಅಮ್ಮನಿಗೆ ಹೇಳಿದೆ: "ನಾನು ಟೀಚರೇ ಕಣಮ್ಮ."