ಎದುರುಮನೆಯವರು ಕಟ್ಟಿದ ಕಾಮಾಲೆ

ಬಸಿರು ಪರಮ ಗೋಪ್ಯವಾದ ಸಂಗತಿ ಎಂದು ನಂಬುವವರಿದ್ದಾರೆ. ಅವರಾರೂ ಹೊಸದುರ್ಗದ ನಮ್ಮ ಬೀದಿಯಲ್ಲಿ ಬಾಡಿಗೆಗಿದ್ದವರಲ್ಲ.

ಮೊನ್ನೆ ಹಿತ್ತಲಲ್ಲಿ ಕಳೆ ಕೀಳುವಾಗ ಕೈಗೆ ನೆಲನೆಲ್ಲಿ ಬಂತು. ಆ ಹಸಿ ಕಹಿ ವಾಸನೆಗೆ ಎದುರುಮನೆ ದೊಡ್ಡಮ್ಮ ನೆನಪಾದರು...

ಆಗ ನನಗೆ ಎರಡು ತಿಂಗಳು. ಹಿಂದಿನ ಸಲ ಹೀಗೇ ಎರಡರಲ್ಲಿ ಬೀದಿಗೆಲ್ಲ ಸಿಹಿ ಹಂಚಿ, ಮೂರು ತುಂಬುವ ಮೊದಲೇ ಕಳೆದುಕೊಂಡಿದ್ದೆ. ಈ ಸಲ ಮೂರು ತುಂಬುವ ತನಕ ಬಾಯಿ ಬಿಡಕೂಡದೆಂದು ದೊಡ್ಡಮ್ಮನ ಕಟ್ಟಪ್ಪಣೆ. ದೇಹ ಅಪ್ಪಣೆ ಕೇಳುತ್ತದೆಯೇ? ಯಾರ ಮನೆಯಲ್ಲಿ ಬೆಳ್ಳುಳ್ಳಿ ಒಗ್ಗರಣೆ ಬಿದ್ದರೂ ನಾನು ಬಚ್ಚಲಿಗೆ ಓಡುತ್ತಿದ್ದೆ. ಎದೆಯೆಲ್ಲ ನೋವು, ಕೂತಲ್ಲೇ ತೂಕಡಿಕೆ. ಮಗುವಿನ್ನೂ ಅವರೆಕಾಳಿನಷ್ಟಿದೆ, ಗುಂಡಿಗೆ ಮಿಡಿಯುತ್ತಿದೆ ಎಂದಿದ್ದರು ಡಾಕ್ಟರಮ್ಮ. ಅವರೆಕಾಳೊಂದು ಇಷ್ಟು ದರ್ಬಾರು ನಡೆಸಬಲ್ಲದೆಂದು ನನಗೆ ತಿಳಿದಿರಲಿಲ್ಲ.

ಬೀದಿಯವರು ಕಾರಣ ಕೇಳಿದರು. ದೊಡ್ಡಮ್ಮ, "ಕಾಮಾಲೆ ಐತ್ರಿ ಅವಳಿಗೆ" ಅಂದುಬಿಟ್ಟರು.

ಮರುದಿನದಿಂದ ಬೀದಿಗೆ ಬೀದಿಯೇ ನನ್ನ ಪಥ್ಯದ ಕಾವಲಿಗೆ ನಿಂತಿತು. ಉಪ್ಪಿಲ್ಲ, ಎಣ್ಣೆಯಿಲ್ಲ. ಮೂಲೆಮನೆಯಾಕೆ ಬಾಗೂರಿನಿಂದ ಔಷಧ ತರಿಸಿದರು. ನೆಲನೆಲ್ಲಿ ಅರೆದ ರಸ, ದಿನವೂ ಬೆಳಿಗ್ಗೆ ಒಂದು ಲೋಟ. ಕುಡಿಯುವುದನ್ನು ಕಣ್ಣಾರೆ ಕಾಣಲು ನಾಲ್ಕು ಜನ ಜಗುಲಿಯಲ್ಲಿ ಹಾಜರು.

"ಹೇಳಿಬಿಡ್ತೀನಿ ದೊಡ್ಡಮ್ಮ, ಸಾಕಾಗೈತೆ," ಎಂದು ಒಳಗೆ ಪಿಸುದನಿಯಲ್ಲೇ ರೇಗಿದೆ.

"ಸುಮ್ನಿರೇ! ಹೋದ್ಸಲ ಹೇಳಿ ಏನ್ ಕಂಡಿ?"

ದೊಡ್ಡಮ್ಮ ಲೋಟ ಎತ್ತಿಕೊಂಡು, ಜಗುಲಿಯವರಿಗೆ "ನಾನೇ ಕುಡಿಸ್ತೀನಿ, ನೀವು ಕುಂತ್ಕಳ್ರಿ" ಎಂದು ಕದ ಮುಂದೆ ಮಾಡಿ, ಗಟಗಟನೆ ತಾವೇ ಕುಡಿದರು. ಕಣ್ಣಲ್ಲಿ ನೀರು.

"ಥೂ! ನಿನ್ ಕಾಮಾಲೆಗೆ ನನ್ ಕರುಳು ಸುಟ್ಟೋತು ಕಣೇ."

"ಕುಡಿದ್ಲೇನ್ರಿ?" ಎಂದಿತು ಜಗುಲಿ.

"ಕುಡಿದ್ಲು, ಪಾಪ. ಒಂದ್ ಹನೀನೂ ಬಿಡ್ಲಿಲ್ಲ."

ಇದು ದಿನವೂ ನಡೆಯಿತು. ಸೆರಗಿನಡಿ ಅವರು ತರುತ್ತಿದ್ದ ಮೊಸರನ್ನವನ್ನು ನಾನು ಅಡುಗೆಮನೆಯ ಮೂಲೆಯಲ್ಲಿ ಕಳ್ಳಿಯಂತೆ ತಿನ್ನುತ್ತಿದ್ದೆ.

ಮೂರು ತುಂಬಿದ ದಿನ ದೊಡ್ಡಮ್ಮ ಮನೆಮನೆಗೆ ಸುದ್ದಿ ಹೇಳಿ ಸಕ್ಕರೆ ಹಂಚಿದರು. ಬೀದಿ ನಾಚಿಕೊಳ್ಳಬಹುದೆಂದು ನಾನು ಕಾದಿದ್ದೆ. ಮೂಲೆಮನೆಯಾಕೆ ಸಕ್ಕರೆ ಬಾಯಿಗೆ ಹಾಕಿಕೊಂಡು, "ನೋಡಿದ್ರಾ ಔಷಧದ ಗುಣಾನ? ಕಾಮಾಲೇನೂ ಹೋತು, ಬಸಿರೂ ನಿಂತ್ಕಂತು!" ಎಂದು ಘೋಷಿಸಿದರು. ಎಲ್ಲರೂ ಹೌದೌದೆಂದರು. ಆ ಔಷಧವನ್ನೆಲ್ಲ ಕುಡಿದಿದ್ದ, ಅರವತ್ತು ದಾಟಿದ ದೊಡ್ಡಮ್ಮ ಗಂಭೀರವಾಗಿ ಆಕಾಶ ನೋಡುತ್ತಿದ್ದರು. ಆಮೇಲೆ ಮಕ್ಕಳಿಲ್ಲದ ಇಬ್ಬರು ಹೆಂಗಸರು ಬಾಗೂರಿನ ಬಸ್ಸು ಹತ್ತಿದರಂತೆ...

ದೊಡ್ಡಮ್ಮ ಈಗಿಲ್ಲ. ಅವರ ಮನೆಯಿದ್ದಲ್ಲಿ ಮೊಬೈಲ್ ಅಂಗಡಿಯಿದೆ. ಮಗು ತುಂಬು ತಿಂಗಳಿಗೆ ಹುಟ್ಟಿತು; ಹೆಣ್ಣು, ಮೂರು ಕೆ.ಜಿ.