ಉಡದ ಹಿಡಿತಕ್ಕೆ ಹತ್ತು ದೀಪ

ಬಣ್ಣದ ಕೆಲಸದವರೆಲ್ಲ ನಮ್ಮಪ್ಪನನ್ನು ಕರೆಯುವುದೇ ಉಡ ಅಂತ. ಹಿಡಿದರೆ ಬಿಡುವ ಆಸಾಮಿಯಲ್ಲ. ಹಗ್ಗವಿರಲಿ, ಹಟವಿರಲಿ, ಎರಡೂ ಅಷ್ಟೇ. ಮೂವತ್ತು ವರ್ಷದಿಂದ ಅವನದು ಒಂದೇ ಕೆಲಸ. ಎತ್ತರದ ಗೋಡೆಗೆ ಬಣ್ಣ ಹೊಡೆಯುವವನು ಹಲಗೆಯ ಮೇಲೆ ಕೂತು ನೇತಾಡುತ್ತಿದ್ದರೆ, ತಾರಸಿಯ ಮೇಲೆ ನಿಂತು ಅವನ ಹಗ್ಗ ಹಿಡಿಯುವುದು. ಹಗ್ಗವನ್ನು ಕಂಬಕ್ಕೆ ಒಂದು ಸುತ್ತು ಹಾಕಿ, ತುದಿಯನ್ನು ಬಿಗಿಯಾಗಿ ಹಿಡಿದಿರಬೇಕು. ಕೆಳಗಿನವನು "ಬಿಡಿ" ಅಂದಾಗ ಗೇಣುಗೇಣಾಗಿ ಬಿಡಬೇಕು. ಐದು ವರ್ಷದಿಂದ ಆ ಹಲಗೆಯ ಮೇಲೆ ಕೂರುವವನು ನನ್ನ ಗಂಡ. ಅವನ ಜೀವ ನಮ್ಮಪ್ಪನ ಮುಷ್ಟಿಯಲ್ಲಿ. ಬಾಯಿಮಾತಿಗೆ ಹೇಳ್ತಿಲ್ಲ, ಇದ್ದದ್ದೇ ಹಾಗೆ.

ಅಂಥ ಅಪ್ಪ ಮನೆಯಲ್ಲಿ ಬಲ್ಬ್ ಬದಲಾಯಿಸಲು ಹೋಗಿ ಸ್ಟೂಲಿನಿಂದ ಬಿದ್ದ. "ನಾನು ಹಾಕ್ತೀನಿ, ಇರು" ಅಂದಿದ್ದೆ. ಕೇಳಿದರೆ ತಾನೇ! ಬಲಗೈ ಮಣಿಕಟ್ಟು ಮುರಿದು ಆರು ವಾರ ಪ್ಲಾಸ್ಟರ್. ಬಿಚ್ಚಿದಾಗ ಕೈ ನನ್ನದಕ್ಕಿಂತ ಸಣ್ಣಗಾಗಿತ್ತು. "ಹಿಡಿತ ಮೊದಲಿನಷ್ಟು ಬರೋವರೆಗೂ ಹಗ್ಗ ಮುಟ್ಟಬೇಡಿ" ಅಂದರು ಡಾಕ್ಟರು. ಬಾಗಿಲು ದಾಟಿದ್ದೇ ತಡ, ಅಪ್ಪ ಅಂದ, "ಬಂದಿದೆ ಬಿಡು."

"ಏನು ಬಂದಿದೆ ಮಣ್ಣು! ಪೇಸ್ಟಿನ ಮುಚ್ಚಳ ತೆಗೆಯೋಕೂ ನನ್ನನ್ನೇ ಕರೀತೀಯ."

"ನೀನೇನು ಅಳೆದು ನೋಡಿದೀಯಾ?"

ನನ್ನ ಹತ್ತಿರ ಇಂಥ ಮಾತು ಆಡಬಾರದು. ಮನೆಯ ಮುಂದಿನ ಕೋಣೆಯಲ್ಲಿ ಮಿಕ್ಸಿ, ರೇಡಿಯೊ, ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡುವವಳು ನಾನು. ಅವತ್ತೇ ಸಂಜೆ ಕೂತೆ. ಐಸಿ ಅನ್ನೋ ಪುಟ್ಟ ಚಿಪ್‌ಗಳ ಕಾಲು ಬಾಗದಿರಲಿ ಅಂತ ಚುಚ್ಚಿಡುವ ಕಪ್ಪು ಸ್ಪಂಜು ಇದೆಯಲ್ಲ, ಅದರಲ್ಲಿ ಒಂಚೂರು ಕರೆಂಟು ಹರಿಯುತ್ತದೆ. ಹಿಚುಕಿದಷ್ಟೂ ಜಾಸ್ತಿ ಹರಿಯುತ್ತದೆ. ಅದರ ತುಂಡೊಂದನ್ನು ಎರಡು ತಾಮ್ರದ ಪಟ್ಟಿಗಳ ನಡುವೆ ಇಟ್ಟು, ಉದ್ದಕ್ಕೆ ಸೀಳಿದ ಪ್ಲಾಸ್ಟಿಕ್ ಪೈಪಿನೊಳಗೆ ಕೂರಿಸಿ ಹಿಡಿ ಮಾಡಿದೆ. ಹಿಡಿಯಿಂದ ಎರಡು ವೈರು ಡಬ್ಬಿಗೆ. ಡಬ್ಬಿಯಲ್ಲಿ ಒಂದು ಐಸಿ, ಒಂದು ಬ್ಯಾಟರಿ, ಸಾಲಾಗಿ ಹತ್ತು ಪುಟ್ಟ ದೀಪ. ಜೋರಾಗಿ ಹಿಚುಕಿದಷ್ಟೂ ಹೆಚ್ಚು ದೀಪ.

ನನ್ನ ಗಂಡ ಹಿಚುಕಿದಾಗ ಒಂಬತ್ತು ಹತ್ತಿದವು. ನನಗೆ ಏಳು. ಅಪ್ಪನಿಗೆ ಮೂರು. ಅವನ ಮುಖ ಸಪ್ಪಗಾಯಿತು.

"ಎಂಟು ಹತ್ತಿದ ದಿನ ಹಗ್ಗ. ಅಲ್ಲಿವರೆಗೂ ಮನೆ" ಅಂದೆ. ಒಪ್ಪಿಕೊಂಡ.

ಅವತ್ತಿನಿಂದ ಪೇಪರ್ ಓದುವಾಗಲೂ ಕೈಯಲ್ಲಿ ಅದೇ ಹಿಡಿ. ದಿನಕ್ಕೆ ಇನ್ನೂರು ಸಲ ಹಿಚುಕುತ್ತಿದ್ದ. ನಾಲ್ಕಾಯಿತು, ಐದಾಯಿತು. ಏಳು ಹತ್ತಿದ ದಿನ ನಾನು ಚಪ್ಪಾಳೆ ತಟ್ಟಿ ಕುಣಿದೇಬಿಟ್ಟೆ. ಇಪ್ಪತ್ತನೆಯ ದಿನ ಎಂಟು. ಅಪ್ಪ ಆಗ ದೀಪ ನೋಡಲಿಲ್ಲ, ನನ್ನ ಮುಖ ನೋಡಿದ. ಆಮೇಲೆ ಬೆರಳು ಮಡಚಿ ಬಿಚ್ಚಿ, "ಸರಿ, ನಾಳೆ ಹೋಗ್ತೀನಿ" ಅಂದ.

ಮಾರನೆಯ ದಿನ ಹನ್ನೊಂದು ಗಂಟೆಗೆ ಪಕ್ಕದ ಮನೆ ಅಜ್ಜಿ ಮಿಕ್ಸಿ ಜಾರ್ ತಂದರು. ಕೆಟ್ಟಿರಲಿಲ್ಲ, ಮುಚ್ಚಳ ಬಿಗಿಯಾಗಿತ್ತು ಅಷ್ಟೇ. "ಕೈಯಲ್ಲಿ ಕಸುವೇ ಇಲ್ಲ ಕಣಮ್ಮ" ಅನ್ನುತ್ತಾ ಮೇಜಿನ ಮೇಲಿದ್ದ ಹಿಡಿಯನ್ನು ಎತ್ತಿಕೊಂಡು, "ಇದೇನೇ ಇದು?" ಅಂತ ಸುಮ್ಮನೆ ಒತ್ತಿದರು.

ಒಂಬತ್ತು ದೀಪ ಹತ್ತಿದವು.

ನಾನು ನಕ್ಕೆ. ನಕ್ಕ ಬಾಯಿ ಹಾಗೇ ನಿಂತುಹೋಯಿತು. ಹಿಡಿಯನ್ನು ಕಿತ್ತುಕೊಂಡು ಎರಡೇ ಬೆರಳಲ್ಲಿ ಒತ್ತಿದೆ. ಎಂಟು. ಪೈಪು ಬಿಚ್ಚಿದೆ. ದಪ್ಪಗಿದ್ದ ಸ್ಪಂಜು ಹಳೇ ಚಪ್ಪಲಿಯ ಹಿಮ್ಮಡಿಯ ಹಾಗೆ ಚಪ್ಪಟೆಯಾಗಿತ್ತು. ಹಿಚುಕಿ ಹಿಚುಕಿ ಅದೇ ಸೋತುಹೋಗಿ, ಮೆಲ್ಲಗೆ ಒತ್ತಿದರೂ ಜೋರಾಗಿ ಒತ್ತಿದ ಹಾಗೇ ದೀಪ ಹತ್ತಿಸುತ್ತಿತ್ತು. ಅಪ್ಪನ ಕೈಗೆ ಬಲ ಬಂದಿರಲೇ ಇಲ್ಲ. ದಿನಾ ನನ್ನ ಕೈಯಲ್ಲೂ ಒಮ್ಮೆ ಹಿಚುಕಿ ನೋಡಿದ್ದರೆ ಗೊತ್ತಾಗುತ್ತಿತ್ತು. ನೋಡಲಿಲ್ಲ. ಇಷ್ಟೂ ವರ್ಷ ರಿಪೇರಿ ಮಾಡಿದ ನನ್ನ ಬುದ್ಧಿಗಿಷ್ಟು ಬೆಂಕಿ ಬೀಳ!

ಫೋನ್ ಎತ್ತಿದವಳು ಹಾಗೇ ಕೆಳಗಿಟ್ಟೆ. ನನ್ನ ಫೋನೆಂದರೆ ಅಪ್ಪ ಮೊದಲ ರಿಂಗಿಗೇ ಎತ್ತುತ್ತಾನೆ. ಎತ್ತಬೇಕಾದರೆ ಹಗ್ಗದಿಂದ ಒಂದು ಕೈ ತೆಗೆಯಬೇಕು. ಗಂಡನಿಗೆ ಮಾಡಿದರೆ ಅವನು ಹಲಗೆಯ ಮೇಲೆ ಅಲ್ಲಾಡುತ್ತಾನೆ. ಅಜ್ಜಿಯನ್ನು ಅಂಗಡಿಯಲ್ಲೇ ಬಿಟ್ಟು ಬರಿಗಾಲಲ್ಲಿ ಓಡಿದೆ.

ಎರಡೇ ಬೀದಿ ಆಚೆ ಅವರು ಬಣ್ಣ ಹೊಡೆಯುತ್ತಿದ್ದ ಕಟ್ಟಡ. ತಿರುವಿನಿಂದಲೇ ಕಂಡಿತು: ನಾಲ್ಕನೆಯ ಮಹಡಿಯ ಎತ್ತರದಲ್ಲಿ ಹಲಗೆ, ಅದರ ಮೇಲೆ ಸಿಳ್ಳೆ ಹಾಕುತ್ತಾ ಬ್ರಷ್ ಆಡಿಸುತ್ತಿರುವ ನನ್ನ ಗಂಡ. ಕೂಗಬೇಕೆಂದು ಬಾಯಿ ತೆರೆದೆ, ಮುಚ್ಚಿಕೊಂಡೆ. ಐದು ಮಹಡಿ ಮೆಟ್ಟಿಲು ಹೇಗೆ ಹತ್ತಿದೆನೋ ಆ ದೇವರಿಗೇ ಗೊತ್ತು.

ಅಪ್ಪ ನನಗೆ ಬೆನ್ನು ಹಾಕಿ ನಿಂತಿದ್ದ. ಅಂಗಿ ಒದ್ದೆಯಾಗಿತ್ತು. ಕಂಬದಿಂದ ಬಂದ ಹಗ್ಗ ಅವನ ಎಡಗೈಯಲ್ಲಿತ್ತು. ಬಲಗೈ ಬೆರಳುಗಳು ಹಗ್ಗ ಹಿಡಿಯಲಾಗದೆ ಅರ್ಧ ಬಿಚ್ಚಿಕೊಂಡಿದ್ದವು. ಕಂಬಕ್ಕೆ ಕಟ್ಟಲು ಹತ್ತಿರ ಹೋದರೆ ಹಗ್ಗ ಸಡಿಲವಾಗುತ್ತದಲ್ಲ, ಅದಕ್ಕೇ ಉಳಿದ ಹಗ್ಗವನ್ನು ಸೊಂಟಕ್ಕೆ ಎರಡು ಸುತ್ತು ಸುತ್ತಿ ಗಂಟು ಹಾಕಿಕೊಂಡಿದ್ದ. ಕೈ ಜಾರಿದರೆ ಮೈಯೇ ತಡೆಯಲಿ, ತಡೆಯದಿದ್ದರೆ ಇಬ್ಬರೂ ಹೋಗಲಿ ಅಂತ.

ಕಿರುಚಬೇಕು ಅನ್ನಿಸಿತು. ಮೆಲ್ಲಗೆ ಹೋಗಿ ಅವನಿಗೂ ಕಂಬಕ್ಕೂ ನಡುವೆ ಎರಡೂ ಕೈಯಲ್ಲಿ ಹಗ್ಗ ಹಿಡಿದೆ. ಭಾರ ನನ್ನ ಹೆಗಲಿಗೆ ಬಂತು. ಅಪ್ಪ ತಿರುಗಿ ನೋಡಿದ. ತುಟಿ ಬಿಳಿಚಿಕೊಂಡಿತ್ತು.

"ಸ್ಪಂಜು ಕೆಟ್ಟಿತ್ತಪ್ಪ. ದೀಪ ಸುಳ್ಳು" ಅಂದೆ ಪಿಸುಮಾತಲ್ಲಿ. "ನಿನ್ನ ಕೈ ನಿನಗೆ ಗೊತ್ತಾಗಲಿಲ್ವಾ?"

"ಗೊತ್ತಾಗ್ತಿತ್ತು. ನಿನ್ನ ಡಬ್ಬಿ ಎಂಟು ಅಂದ ಮೇಲೆ, ನನ್ನ ಕೈಯೇ ಸುಳ್ಳು ಹೇಳ್ತಿದೆ ಅಂದ್ಕೊಂಡೆ ಮಗಳೇ."

ಅಳು ಒತ್ತರಿಸಿ ಬಂತು. ಅಳಲು ಕೈಗೆ ಬಿಡುವಿರಲಿಲ್ಲ. "ಕೂಗಿ ಹೇಳಬಾರದಿತ್ತಾ ನಿನ್ನ ಅಳಿಯನಿಗೆ?"

"ಹೇಳಿದ್ರೆ ಗಾಬರಿಯಾಗಿ ಅಲ್ಲಾಡ್ತಿದ್ದ. ಆಗ ಖಂಡಿತ ಹಗ್ಗ ಬಿಟ್ಟುಹೋಗ್ತಿತ್ತು." ಆಮೇಲೆ ಕೆಳಕ್ಕೆ ಕೂಗಿದ, "ಅಳಿಯಾ, ಊಟಕ್ಕೆ ಇಳಿಸ್ತಿದೀನಿ!"

"ಇನ್ನೂ ಹನ್ನೊಂದೂವರೆ ಅಲ್ವಾ ಮಾವ?"

"ಹಸಿವಾಗ್ತಿದೆ ಕಣಯ್ಯ, ಸುಮ್ನೆ ಕೂತ್ಕೋ!"

ಅಪ್ಪ ಗಂಟು ಬಿಚ್ಚುತ್ತಾ ಕಿವಿಯ ಹತ್ತಿರ ಹೇಳಿಕೊಟ್ಟ. "ಎಳೀಬೇಡ. ಭಾರ ಕಂಬಕ್ಕೆ ಬಿಡು. ಒಂದು ಗೇಣು. ನಿಲ್ಲು. ಇನ್ನೊಂದು ಗೇಣು." ಅಂಗೈ ಸುಲಿಯಿತು. ಮೂರನೆಯ ಮಹಡಿ. ಹಗ್ಗ ಒಮ್ಮೆ ಸರ್ರನೆ ಒಂದು ಮೊಳ ಜಾರಿತು, ಕೆಳಗೆ ಸಿಳ್ಳೆ ನಿಂತಿತು. ಕಾಲು ಊರಿ ಹಿಡಿದೆ. ನಿಂತಿತು. ಎರಡನೆಯದು. ಒಂದನೆಯದು. ಕೊನೆಗೆ ಹಗ್ಗ ಸಡಿಲವಾಯಿತು.

ಕೆಳಗಿನಿಂದ ನನ್ನ ಗಂಡನ ದನಿ ಬಂತು. "ಅಬ್ಬಾ, ಭೇಷ್ ಮಾವ! ನಡುವೆ ಒಂದು ಜರ್ಕ್ ಬಿಟ್ರೆ ಹೂವಿನ ಹಾಗೆ ಇಳಿಸಿದ್ರಿ. ಕೈ ಪೂರ್ತಿ ವಾಸಿಯಾಗಿದೆ!"

ಅಪ್ಪ ನನ್ನತ್ತ ನೋಡಿದ. ನಾನು ಬಾಯಿ ತೆರೆಯುವಷ್ಟರಲ್ಲಿ ಬೇಡ ಅಂತ ತಲೆಯಾಡಿಸಿದ. ತಾರಸಿಯ ಅಂಚಿನ ಗೋಡೆಗೆ ಎಡಗೈ ಊರಿ, ಕೆಳಗೆ ಬಗ್ಗಿ, ಸುತ್ತಲಿನವರಿಗೆಲ್ಲ ಕೇಳುವ ಹಾಗೆ ಹೇಳಿದ:

"ಅದು ನನ್ನ ಕೈಯಲ್ಲ ಕಣಯ್ಯ, ನಿನ್ನ ಹೆಂಡ್ತಿದು. ನನ್ನ ಹಿಡಿತ ಬಿಟ್ಟುಹೋಗಿದೆ."