ಹೊಸ್ತಿಲ ಹಳದಿ

ಗಂಡನ ಕೆಲಸ ಹೋದ ಮೇಲೆ ಸ್ವೀಡನ್ನಿನ ಸೊಲ್ಲೆಂಟುನಾದಲ್ಲಿದ್ದ ನಮ್ಮ ಮನೆಯನ್ನು ಮಾರದೆ ಗತಿಯಿರಲಿಲ್ಲ. ಮಾರಿಸಿಕೊಡಲು ಬಂದ ಏಜೆಂಟ್ ಬಾಗಿಲಲ್ಲೇ ನಿಂತು, "ಕೊಳ್ಳುವವರು ರಸ್ತೆಯಿಂದ ನೋಡಿಯೇ ಅರ್ಧ ತೀರ್ಮಾನ ಮಾಡಿರುತ್ತಾರೆ. ಮೊದಲು ಈ ಕಲೆ ತೆಗೆಯಿರಿ" ಎಂದಳು. ಕಲೆಯಂತೆ. ಎಂಟು ವರ್ಷ ಪ್ರತಿ ಶುಕ್ರವಾರ ನಾನು ಹೊಸ್ತಿಲಿಗೆ ಹಚ್ಚಿದ ಅರಿಶಿನ ಅದು. ಅದನ್ನು ತುಳಿದಾಗಲೆಲ್ಲ ಮಗಳಿಗೆ ಬೈದಿದ್ದೇನೆ.

ಪೇಂಟರ್ ಕರೆಸುವ ಸ್ಥಿತಿಯಲ್ಲಿ ನಾವಿರಲಿಲ್ಲ. ರಿಯಾಯಿತಿಯಲ್ಲಿ ಸಿಕ್ಕ ಒಂದು ಡಬ್ಬಿ ಬಿಳಿ ಬಣ್ಣ, ಎರಡು ಹೂಕುಂಡ ತಂದೆ. ಹೊಸ್ತಿಲನ್ನು ಸ್ಯಾಂಡ್‌ಪೇಪರಿನಿಂದ ಉಜ್ಜಿ ಬಣ್ಣ ಬಳಿದೆ. ಬೆಳಿಗ್ಗೆ ನೋಡಿದರೆ ಬಿಳಿಯ ಮೇಲೆ ಹಳದಿ ಎದ್ದಿತ್ತು. ಇನ್ನೊಂದು ಸಲ ಬಳಿದೆ. ಮತ್ತೆ ಎದ್ದಿತು. ಸಿಟ್ಟಿಗೆ ಅದರ ಮೇಲೊಂದು ಕಾಲೊರೆಸುವ ಮ್ಯಾಟ್ ಎಸೆದೆ.

ಜನ ಮನೆ ನೋಡಲು ಬರುವ ಭಾನುವಾರ ಮನೆಯವರು ಅಲ್ಲಿರಬಾರದೆಂಬುದು ಇಲ್ಲಿನ ರೂಢಿ. ರಸ್ತೆಯಾಚೆ ಕಾರಿನಲ್ಲಿ ಕೂತಿದ್ದೆವು. ಬಂದವರೆಲ್ಲ ಆ ಮ್ಯಾಟಿನ ಮೇಲೆ ನಿಂತು ಶೂ ತಿಕ್ಕಿ ಒಳಹೋಗುತ್ತಿದ್ದರು.

ಏನು ಕೇಳಿದರೂ ಸ್ವೀಡಿಷಿನಲ್ಲೇ ಉತ್ತರಿಸುವ ಮಗಳು ಹಿಂದಿನ ಸೀಟಿನಿಂದ ಕನ್ನಡದಲ್ಲಿ ಹೇಳಿದಳು: "ಅಮ್ಮಾ, ಅವರು ಹೊಸ್ತಿಲು ತುಳೀತಿದ್ದಾರೆ. ನೀನ್ಯಾಕೆ ಬೈತಿಲ್ಲ?"